ಕಳ್ಳಜೇಬು

ಕೋಟು ಹೊಲಿಸಿ ಎಂದದ್ದಕ್ಕೆ ನಕ್ಕರು ಲೋಕಯ್ಯ ಪುತ್ರನ್.
ಮಂಗಳೂರಿನ ಸೆಕೆಗೆ ಕೋಟು ಹಾಕುವವನು
ಒಂದೋ ಮದುಮಗ, ಇಲ್ಲದಿದ್ದರೆ ವಕೀಲ.
ಬೆಳಗಿನ ನಾಲ್ಕಕ್ಕೆ ಧಕ್ಕೆಗೆ ಕೋಟಲ್ಲಿ ಹೋದರೆ
ಬಂಗುಡೆಗೂ ಗುಮಾನಿ ಬರ್ತದೆ, ಮೋನು.

ಅಂಗಡಿಯ ಬಾಗಿಲು ಅರ್ಧ ಎಳೆದರು.
ತೆಗೆದರು ಮೂರು ರಟ್ಟಿನ ತುಂಡು,
ಯಾರದ್ದೋ ಮದುವೆ ಕಾಗದ, ಒಂದರ ಹಿಂದೆ
ಗಣಪತಿಯ ಅರ್ಧ ಸೊಂಡಿಲು.
ಕೋವಿ ಅಂಗಡಿಯ ಗಾಜಿನ ಮೇಲಿಟ್ಟು
ಸುತ್ತ ಪೆನ್ಸಿಲಲ್ಲಿ ಗೀಚಿ ಕತ್ತರಿಸಿ ತಂದದ್ದಂತೆ.
ಇದು ಪಾಯಿಂಟ್ ತ್ರೀ ಟೂ, ಇದು ಅದರ ತಮ್ಮ,
ಇದು...
ಅಂಗೈಯಲ್ಲಿಟ್ಟು ಬೆರಳು ಮಡಚಿದರು.
ಕಾಣಲಿಲ್ಲ.

ನಲವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ ಕಳ್ಳಜೇಬು:
ಗಲ್ಫಿಗೆ ಹೋಗುವವರ ಪಾಸ್‌ಪೋರ್ಟಿಗೆ,
ಬರುವವರ ಯಾವುದಕ್ಕೋ (ನಾನು ಕೇಳಿದವನಲ್ಲ),
ಗಂಡನಿಗೆ ತಿಳಿಯದ ಹಾಗೆ ಉಳಿಸುವವಳ ಲಂಗಕ್ಕೆ.
ಕಬ್ಬಿಣಕ್ಕೆ ಇದೇ ಮೊದಲು.

ಯಾವುದು ಒಳ್ಳೆಯದು, ಧಣಿ?
ದೊಡ್ಡದು ಮಾತಿಗೆ ತಪ್ಪುವುದಿಲ್ಲ, ಆದರೆ
ಭಾರವೆಂದು ಮನೆಯಲ್ಲೇ ಬಿಟ್ಟು ಬರ್ತೀರಿ.
ಸಣ್ಣದು ಕೈಯಲ್ಲಿ ಸರಿಯಾಗಿ ನಿಲ್ಲುವುದಿಲ್ಲ, ಗುರಿ ಹತ್ತೇ ಮಾರು.
ಆದರೆ ಜೊತೆಗಿರ್ತದೆ.
ಅಂಗಡಿಯವ ಹೇಳಿದ್ದು ಇಷ್ಟು.
ಆಮೇಲೆ ಅವರೇ ತಗ್ಗಿದ ದನಿಯಲ್ಲಿ:
ರಾತ್ರಿ ಹನ್ನೊಂದೂವರೆಗೆ ಫೋನು. ನಂಬರಿಗೆ ಊರಿಲ್ಲ.
ಹಣದ ಮಾತು ಕೊನೆಗೆ ಆಡಿದ. ಮೊದಲು
ಮೊಮ್ಮಗಳ ಶಾಲೆ ಬಸ್ಸಿನ ಬಣ್ಣ ಹೇಳಿದ.

ಪಕ್ಕದ ಜೀನಸಿನ ಅಂಗಡಿಯಿಂದ ತೂಕದ ಕಲ್ಲು ತಂದೆ.
ಐನೂರು ಹಾಕಿದರೆ ಪ್ಯಾಂಟು ಬಲಕ್ಕೆ ಜೋತುಬಿತ್ತು.
ಇನ್ನೂರರದ್ದೊಂದು ನೂರರದ್ದೊಂದು ಕಟ್ಟಿ ಹಾಕಿದೆ.
ಕೂತ್ಕೊಳ್ಳಿ. ಬಗ್ಗಿ. ಮೀನಿನ ಬುಟ್ಟಿ ಎತ್ತಿದ ಹಾಗೆ ಮಾಡಿ.
ಕನ್ನಡಿಯಲ್ಲಿ ತೊಡೆಯ ಮೇಲೆ ಒಂದು ಬಾವು,
ಕೂತರೆ ಏಳುತ್ತದೆ, ನಿಂತರೆ ಇಳಿಯುತ್ತದೆ.
ಒಂದು ನೆರಿಗೆ ಜಾಸ್ತಿ ಕೊಟ್ಟೆ.
ಒಳಗೆ ಕೊಡೆಬಟ್ಟೆಯ ಅಸ್ತರು,
ದೋಣಿಯ ಮೊಳೆ ತಿನ್ನುವುದು ಉಪ್ಪುನೀರು,
ನಮ್ಮ ಬೆವರೂ ಅದೇ ಅಲ್ಲವಾ.

ಸಣ್ಣದನ್ನೇ ತಕ್ಕೊಂಡರು.
ಆ ರಟ್ಟು ಈಗಲೂ ನನ್ನಲ್ಲುಂಟು,
ಅದಕ್ಕೆ ಕಪ್ಪು ನೂಲು ಸುತ್ತಿಟ್ಟಿದ್ದೇನೆ.

ಎಂಟು ದಿನದೊಳಗೆ ಇಡೀ ಧಕ್ಕೆಗೆ ಗೊತ್ತು.
ಜೇಬು ಹೇಳಿದ್ದಲ್ಲ. ನನ್ನ ಹೊಲಿಗೆಯಂತೂ ಅಲ್ಲ.
ಕೈ ಹೇಳಿತು.
ಏಲಂ ಕೂಗುವಾಗ, ಐಸಿನ ಲೆಕ್ಕ ಬರೆಯುವಾಗ,
ಚಾ ಗ್ಲಾಸು ಎಡಗೈಗೆ ಬದಲಾಯಿಸಿ
ಗಳಿಗೆಗೊಮ್ಮೆ ತೊಡೆ ಮುಟ್ಟಿ ನೋಡುತ್ತಿತ್ತು,
ಜಾತ್ರೆಯಲ್ಲಿ ಮಗು ಹಿಡಿದವರ ಹಾಗೆ.
ಧಣಿಗೆ ಹರ್ನಿಯಾ ಉಂಟಾ, ಎಂದು
ಸಿಗಡಿ ಸುಲಿಯುವ ವಾರಿಜಕ್ಕ ಕೇಳಿದ್ದು ಎಲ್ಲರಿಗೂ ಕೇಳಿಸಿತು.
ನಕ್ಕವರಲ್ಲಿ ಆ ಫೋನಿನವನೂ ಇದ್ದನೋ ಏನೋ
ಎಂದು ಅವರು ಒಬ್ಬೊಬ್ಬರ ಹಲ್ಲು ನೋಡಿದರಂತೆ.

ಓಟು ಬಂತು. ಲೈಸೆನ್ಸಿನವರೆಲ್ಲ ಠಾಣೆಗೆ ಒಪ್ಪಿಸಬೇಕು.
ಹಂದಿ ಓಡಿಸುವ ಉದ್ದುದ್ದ ನಳಿಗೆಗಳು ಗೋಡೆಗೆ ಒರಗಿ ನಿಂತಿದ್ದವು.
ಅವುಗಳ ಕಾಲಬುಡದಲ್ಲಿ ಇವರದ್ದನ್ನು
ಲಕೋಟೆಯೊಳಗೆ ಹಾಕಿ ಅರಗು ಒತ್ತಿದರು.
ಮನಿಯಾರ್ಡರ್ ಮಾಡಿ ಬಂದ ಹಾಗಾಯ್ತು ಮೋನು, ಎಂದರು.
ಆ ದಿನ ಜೇಬಲ್ಲಿ ಕೊತ್ತಂಬರಿ ಪೆಪ್ಪರಮಿಂಟು ಇತ್ತು.

ಅದು ಹೋದ ಸಲದ ಓಟು ಅಲ್ಲ, ಅದರ ಹಿಂದಿನದ್ದು.

ಮೊನ್ನೆ ಅದೇ ಪ್ಯಾಂಟು ತಂದರು,
ಸಕ್ಕರೆ ಕಾಯಿಲೆಯಲ್ಲಿ ಇಳಿದಿದ್ದಾರೆ, ಸೊಂಟ ಹಿಡಿಸಬೇಕು.
ಕಳ್ಳಜೇಬು ಮಗುಚಿದೆ:
ಒಣಗಿದ ಒಂದು ಮೀನಿನ ಪೊರೆ,
ನಾಲ್ಕು ಮಡಿಕೆಯ ಠಾಣೆಯ ರಶೀದಿ,
ಮಡಿಕೆಯಲ್ಲಿ ಸವೆದು ತೂತು ಬಿದ್ದದ್ದು.
ವಾಪಸು ಪಡೆದೆ ಎಂಬಲ್ಲಿ ಸಹಿ ಇಲ್ಲ.

ನಾನು ಕೇಳಿದವನಲ್ಲ.
ಹಾಗೆಯೇ ಒಳಗೆ ಹಾಕಿ, ಅಳತೆಪಟ್ಟಿ ಬಿಡಿಸಿ
ಕೈ ಎತ್ತಿ, ಅಂದೆ.
ಎಡಗೈ ಎತ್ತಿದರು.